ತಿಳಿಯಾದ ನೀರು ಮತ್ತೆ ಕೆಂಪಾದಾಗ

೧೯೭೪ರಲ್ಲಿ, ಆರನೆಯ ತರಗತಿ ಅರ್ಧ ಮುಗಿದಿದ್ದಾಗ, ನಾನು ಶಾಲೆ ಬಿಟ್ಟೆ. ಅಪ್ಪ ಕಾಲು ಮುರಿದುಕೊಂಡು ಮಲಗಿದ್ದ, ದನ ನೋಡುವವರು ಬೇಕಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆಸ್ಪತ್ರೆಯಲ್ಲಿ ನನ್ನನ್ನು ನೋಡಿದವರೆಲ್ಲ ನನ್ನ ರೋಗಕ್ಕಿಂತ ಮುಂಚೆ ಇದನ್ನೇ ಕಂಡುಹಿಡಿದರು. ನನ್ನ ಧೋತರ, ಹೆಗಲ ಮೇಲಿನ ಟವೆಲ್ಲು, ಒಡೆದ ಹಿಮ್ಮಡಿ ನೋಡಿ, ಇವನಿಗೆ ಹೇಳಿದರೆ ತಿಳಿಯುವುದಿಲ್ಲ ಎಂದು ತೀರ್ಮಾನ ಮಾಡಿಕೊಂಡು, ನನ್ನ ಹಿಂದೆ ನಿಂತವರ ಮುಖ ನೋಡಿ ಮಾತಾಡಿದರು. ನನಗೆ ಓದಲು ಬರುತ್ತದೆ. ದಿನಾ ಚಾದಂಗಡಿಯಲ್ಲಿ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತೇನೆ. ಬರೆಯಲೂ ಬರುತ್ತದೆ. ಇದನ್ನು ಬರೆಯುತ್ತಿರುವವನು ನಾನೇ, ಬೇರೆ ಯಾರ ಕೈಯಲ್ಲೂ ಬರೆಸಿಲ್ಲ.

ನಮ್ಮದು ಕಾರಟಗಿಯ ಹತ್ತಿರದ ಒಂದು ಹಳ್ಳಿ. ದೊಡ್ಡ ಕಾಲುವೆಯಿಂದ ಒಡೆದು ನಮ್ಮ ಊರಿನ ಗದ್ದೆಗಳಿಗೆ ಬರುವ ಸಣ್ಣ ಕಾಲುವೆಗೆ ನಾನು ನೀರುಗಂಟಿ. ಯಾರ ಗದ್ದೆಗೆ ಯಾವ ದಿನ ಎಷ್ಟು ಹೊತ್ತು ನೀರು ಎಂದು ಪಾಳಿ ನಡೆಸುವುದು ನನ್ನ ಕೆಲಸ. ಸರಕಾರಿ ನೌಕರಿ ಅಲ್ಲ. ರೈತರೇ ಕೂಡಿ ಇಟ್ಟುಕೊಂಡಿದ್ದಾರೆ, ಸುಗ್ಗಿಯಲ್ಲಿ ಭತ್ತ ಅಳೆದು ಕೊಡುತ್ತಾರೆ. ತೂಬಿನ ಬಾಗಿಲನ್ನು ಎತ್ತಲು, ಇಳಿಸಲು ಮೇಲೊಂದು ತಿರುಪು ಇದೆ. ಅದಕ್ಕೆ ಸಿಕ್ಕಿಸಿ ತಿರುವಲು ಮೊಳದುದ್ದದ ಕಬ್ಬಿಣದ ಹಿಡಿಕೆ. ಕೆಲಸ ಮುಗಿದ ಮೇಲೆ ಹಿಡಿಕೆ ಬಿಚ್ಚಿಕೊಂಡು ಮನೆಗೆ ತರಬೇಕು, ಇಲ್ಲದಿದ್ದರೆ ಮೇಲಿನ ಗದ್ದೆಯವರು ತಾವೇ ತಿರುವಿಕೊಂಡು ಕೆಳಗಿನವರ ಪೈರು ಒಣಗಿಸುತ್ತಾರೆ. ಆ ಹಿಡಿಕೆ ಯಾರ ಮನೆಯಲ್ಲಿರುತ್ತದೋ ಅವನೇ ನೀರುಗಂಟಿ. ಇಪ್ಪತ್ತು ವರ್ಷದ ಮೇಲಾಯಿತು, ಅದು ನಮ್ಮ ಮನೆಯ ಬಾಗಿಲ ಹಿಂದಿನ ಗೂಟಕ್ಕೆ ತೂಗುತ್ತಿದೆ.

ಅರವತ್ತು ದಾಟಿದ ಮೇಲೆ ಒಂದಕ್ಕೆ ಹೋಗುವುದು ನನಗೆ ಒಂದು ಕೆಲಸವಾಯಿತು. ಹೋಗಬೇಕು ಅನ್ನಿಸುತ್ತದೆ, ಕೂತರೆ ಬರುವುದಿಲ್ಲ. ಬಂದರೆ ನೂಲಿನ ಹಾಗೆ ಬರುತ್ತದೆ, ಮುಗಿಯಿತು ಅಂದುಕೊಂಡು ಎದ್ದರೆ ಮುಗಿದಿರುವುದಿಲ್ಲ. ಯಾರಿಗೂ ಹೇಳಲಿಲ್ಲ. ಹೆಂಡತಿ ಹುಲಿಗೆವ್ವ ಹೇಳದೆಯೇ ತಿಳಿದುಕೊಂಡಿದ್ದಳು.

"ಕಾಲವಿ ದಂಡಿಗೆ ಹೋಗಿ ಅಷ್ಟೊತ್ತು ಏನ್ ಮಾಡ್ತೀರಿ? ನೀರು ಎಣಸ್ತೀರೇನು?" ಎಂದು ಒಂದು ದಿನ ಕೇಳಿದಳು.

"ವಯಸ್ಸಾತು, ಎಲ್ಲಾರಿಗೂ ಆಗೋದ."

"ವಯಸ್ಸು ನನಗೂ ಆಗೈತಿ. ನಾ ಹೋಗಿ ಬಂದು ರೊಟ್ಟಿ ಬಡದು ಮುಗಿಸಿರ್ತೀನಿ, ನೀವು ಇನ್ನೂ ಅಲ್ಲೇ ಇರ್ತೀರಿ."

ಆ ಬೇಸಿಗೆಯಲ್ಲಿ ಯಲಬುರ್ಗಾದಲ್ಲಿ ನಂಟರ ಮದುವೆ. ಊಟ ಮುಗಿಸಿ ಎದ್ದವನಿಗೆ ಪೂರಾ ಕಟ್ಟಿಬಿಟ್ಟಿತು. ಒಂದು ಹನಿ ಇಲ್ಲ. ಹೊಟ್ಟೆಯ ಕೆಳಗೆ ಕಲ್ಲು ಕಟ್ಟಿದ ಹಾಗೆ. ಆ ನೋವನ್ನು ಅನುಭವಿಸಿದವರಿಗೆ ಹೇಳಬೇಕಾಗಿಲ್ಲ, ಅನುಭವಿಸದವರಿಗೆ ಹೇಳಿದರೂ ತಿಳಿಯುವುದಿಲ್ಲ. ಮದುವೆಗೆ ಬಂದವರ ಜೀಪಿನಲ್ಲಿ ಕೊಪ್ಪಳಕ್ಕೆ ಕರೆದೊಯ್ದರು. ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಒಬ್ಬ ವಯಸ್ಸಾದ ನರ್ಸ್ ಬಾಯಿ ನನ್ನ ಮುಖದ ಹತ್ತಿರ ಬಗ್ಗಿ, "ಯಪ್ಪಾ, ಈಗ ಪೈಪ್ ಹಾಕ್ತಾರ. ಉರೀತೈತಿ. ಬಾಯಿ ತೆಗದು ಉಸುರು ಬಿಡ್ರಿ, ಬಿಗಿ ಹಿಡೀಬ್ಯಾಡ್ರಿ, ನೀವು ಬಿಗಿ ಹಿಡದಷ್ಟು ನೋಯ್ತೈತಿ" ಎಂದಳು. ಪೈಪ್ ಹೋಯಿತು, ಚೀಲ ತುಂಬಿತು, ನನ್ನ ಕಣ್ಣಲ್ಲಿ ನೀರು ಬಂತು. ನನಗೇನಾಗುತ್ತದೆ ಎಂದು ನನಗೇ ಹೇಳಿದವಳು, ಆ ದಿನಗಳಲ್ಲಿ, ಅವಳೊಬ್ಬಳೇ. ಅವಳ ಹೆಸರು ಕೇಳಲಿಲ್ಲವಲ್ಲ ಎಂದು ಈಗಲೂ ಅನ್ನಿಸುತ್ತದೆ.

ಪೈಪ್ ಮತ್ತು ಚೀಲ ಕಟ್ಟಿಕೊಂಡೇ ಗಂಗಾವತಿಯ ಒಂದು ಖಾಸಗಿ ಆಸ್ಪತ್ರೆಗೆ ಹೋದದ್ದು. ಕುಷ್ಟಗಿಯಲ್ಲಿರುವ ಅಳಿಯ ಮಂಜುನಾಥ ಎಲ್ಲ ವ್ಯವಸ್ಥೆ ಮಾಡಿದ್ದರು. ಅವರು ಹೈಸ್ಕೂಲಿನಲ್ಲಿ ಗುಮಾಸ್ತ, ಇಂಗ್ಲಿಷ್ ಬಲ್ಲವರು, ಬಹಳ ಸಭ್ಯರು. ನನ್ನೆದುರು ಇವತ್ತಿಗೂ ಕುರ್ಚಿಯ ಮೇಲೆ ಕೂಡುವುದಿಲ್ಲ. ಈ ಸಭ್ಯತೆಯೇ ಮುಂದೆ ನನ್ನ ಜೀವಕ್ಕೆ ಬಂತು, ಅದನ್ನು ಆಮೇಲೆ ಹೇಳುತ್ತೇನೆ.

ಆ ಆಸ್ಪತ್ರೆಯ ಕಾಯುವ ಜಾಗದಲ್ಲಿ ಒಂದು ಸಾಲು ಗಂಡಸರು ಕೂತಿದ್ದೆವು. ಎಲ್ಲರ ಕಾಲ ಬಳಿಯೂ ಒಂದೊಂದು ಕೈಚೀಲ, ಸೀರೆ ಅಂಗಡಿಯದ್ದು, ಬಂಗಾರದ ಅಂಗಡಿಯದ್ದು. ಒಳಗಿದ್ದದ್ದು ಮೂತ್ರದ ಚೀಲ. ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ಮಳೆ ಹೇಗೆ, ಡ್ಯಾಮಿನಲ್ಲಿ ನೀರೆಷ್ಟು, ಸೋನಾಮಸೂರಿ ಧಾರಣೆ ಏನು ಎಂದು ಮಾತಾಡುತ್ತೇವೆ. ಪಕ್ಕದವನನ್ನು "ಏನಾಗೈತ್ರಿ ನಿಮಗ?" ಎಂದು ಕೇಳಿದೆ. "ಹಿಂಗ, ಸ್ವಲ್ಪ ಹೊಟ್ಟಿನೋವು" ಎಂದ. ಅವನ ಕೈಚೀಲದಿಂದ ಪೈಪು ಇಣುಕುತ್ತಿತ್ತು. "ನಿಮಗ?" ಎಂದು ಅವನು ಕೇಳಿದ. ನಾನೂ "ಹೊಟ್ಟಿನೋವು" ಎಂದೆ.

ಒಳಗಿನಿಂದ ನರ್ಸ್ ಬಂದು ನನ್ನ ಹೆಸರು ಕೂಗಿದಳು. ಎದ್ದು ನಿಂತೆ. ಅವಳು ನನ್ನನ್ನು ದಾಟಿ ನೋಡಿ, "ಪೇಷಂಟ್ ಕಡೆಯವರು ಯಾರ್ರೀ?" ಎಂದಳು. ನನ್ನ ಹಿಂದೆ ನಿಂತಿದ್ದ ಅಳಿಯ ಮುಂದೆ ಬಂದರು. ಆ ಮಾತನ್ನು ಆವತ್ತಿನಿಂದ ನಾನು ಎಷ್ಟು ಸಲ ಕೇಳಿದ್ದೇನೋ. ನನ್ನ ಮೈಯೊಳಗೆ ಮೂತ್ರದ ದಾರಿ ಒತ್ತುತ್ತಿದ್ದ ಪ್ರಾಸ್ಟೇಟ್ ಗ್ರಂಥಿ ಎಷ್ಟು ಊದಿದೆ ಎಂಬುದನ್ನು ಕಡೆಯವರಿಗೆ ತೋರಿಸಿದರು. ಎಲ್ಲಿಂದ ಹೋಗಿ ಏನನ್ನು ಕೊರೆದು ತೆಗೆಯುತ್ತಾರೆಂದು ಕಡೆಯವರಿಗೆ ತಿಳಿಸಿದರು. ನಾನು ಮಧ್ಯದಲ್ಲಿ ಬಾಯಿ ಹಾಕಿ, "ಡಾಕ್ಟರ್, ನನಗೊಂದು ಮಾತು" ಎಂದೆ.

ಡಾಕ್ಟರ್ ಸಣ್ಣ ವಯಸ್ಸಿನವರು, ಬೇರೆ ಸೀಮೆಯವರು. ನಗುತ್ತಾ, "ಅಜ್ಜಾ, ಏನೂ ಭಯ ಬೇಡ. ಸಣ್ಣ ಆಪರೇಷನ್, ಹೊಟ್ಟೆ ಕೊಯ್ಯೋದಿಲ್ಲ, ಮೂರು ದಿನಕ್ಕೆ ಮನೆ" ಎಂದು ಹೇಳಿ ಮತ್ತೆ ಅಳಿಯನ ಕಡೆ ತಿರುಗಿ ಇಂಗ್ಲಿಷ್ ಶುರುಮಾಡಿದರು. ನಾನು ಕೇಳಬೇಕೆಂದಿದ್ದದ್ದು ಭಯದ ಮಾತಲ್ಲ. ಜುಲೈಯಲ್ಲಿ ಕಾಲುವೆಗೆ ನೀರು ಬಿಡುತ್ತಾರೆ, ಅಷ್ಟರಲ್ಲಿ ನಾನು ತೂಬು ತಿರುವಬಹುದೇ ಎಂದು ಕೇಳಬೇಕಿತ್ತು. ನನ್ನ ಕೆಲಸ ಏನು ಎಂದು ಅಲ್ಲಿ ಒಬ್ಬರೂ ಕೇಳಲಿಲ್ಲ. 'ರೈತ' ಎಂದು ಬರೆದುಕೊಂಡರು, ಮುಗಿಯಿತು.

ಆಪರೇಷನ್ ಬಗ್ಗೆ ಹೇಳುವುದು ಕಡಿಮೆ. ಬೆನ್ನಿಗೆ ಸೂಜಿ ಚುಚ್ಚಿದರು, ಸೊಂಟದ ಕೆಳಗೆ ನನ್ನ ಕಾಲು ನನ್ನವಾಗಿ ಉಳಿಯಲಿಲ್ಲ, ಒಳಗೆ ಯಾರೋ ರೇಡಿಯೋ ಸಣ್ಣಗೆ ಹಚ್ಚಿದ್ದರು. ಎಚ್ಚರವಾಗಿಯೇ ಇದ್ದೆ. ಹೊರಗೆ ತಂದು ಮಲಗಿಸಿದ ಮೇಲೆ ನೋಡಿದರೆ ತಲೆಯ ಮೇಲೆ ದೊಡ್ಡ ನೀರಿನ ಚೀಲ ತೂಗುಹಾಕಿದ್ದಾರೆ. ಅಲ್ಲಿಂದ ನೀರು ಒಳಗೆ ಹೋಗುತ್ತದೆ, ಇನ್ನೊಂದು ಕೊಳವೆಯಿಂದ ಕೆಳಗಿನ ಚೀಲಕ್ಕೆ ಬರುತ್ತದೆ, ಕೆಂಪಗೆ. ನೀರು ಸಣ್ಣದು ದೊಡ್ಡದು ಮಾಡಲು ಕೊಳವೆಯ ಮೇಲೊಂದು ಗಾಲಿ ಇದೆ. ನೋಡನೋಡುತ್ತಾ ನನಗೆ ನಗು ಬಂತು.

"ಯಾಕ ನಗ್ತೀರಿ?" ಹುಲಿಗೆವ್ವ ಕೇಳಿದಳು.

"ತೂಬು ನೋಡು, ಎಷ್ಟು ಸಣ್ಣದೈತಿ."

"ಅದರಾಗ ಕೈ ಹಾಕಬ್ಯಾಡ್ರಿ ಮತ್ತ. ನಿಮ್ಮ ಪಾಳಿ ಅಲ್ಲ ಅದು, ಆ ಹುಡಿಗೀದು" ಎಂದು ನರ್ಸನ್ನು ತೋರಿಸಿದಳು.

ಮಾರನೇ ದಿನಕ್ಕೆ ಕೆಂಪು ಹೋಗಿ ಗುಲಾಬಿ, ಆಮೇಲೆ ತಿಳಿಯಾಯಿತು. "ತಿಳಿ ಆತು ನೋಡ್ರಿ, ಇನ್ನ ಪೈಪ್ ತೆಗಿತೀವಿ" ಎಂದು ನರ್ಸ್ ಹೇಳಿದಳು. ಪೈಪ್ ತೆಗೆದ ಮೇಲೆ ಮೊದಲ ಸಲ ಒಂದಕ್ಕೆ ಹೋದಾಗ ಬೆಂಕಿಯಂತೆ ಉರಿಯಿತು. ಆದರೆ ಬಂತು. ನೂಲಿನ ಹಾಗಲ್ಲ, ಧಾರೆಯಾಗಿ ಬಂತು. ಬಚ್ಚಲ ಗೋಡೆ ಹಿಡಿದುಕೊಂಡು ನಿಂತು ಆ ಸಪ್ಪಳ ಕೇಳಿದೆ. ಅಷ್ಟು ಸಂತೋಷವನ್ನು ಗಂಡಸು ಯಾರಿಗೆ ಹೇಳಿಕೊಳ್ಳಬೇಕು?

ಮನೆಗೆ ಕಳಿಸುವ ದಿನ ಡಾಕ್ಟರ್ ಮತ್ತೆ ಅಳಿಯನನ್ನು ಕರೆದುಕೊಂಡು ಹೊರಗೆ ಹೋದರು. ಕೊಟ್ಟ ಕಾಗದವೆಲ್ಲ ಇಂಗ್ಲಿಷಿನಲ್ಲಿ. ಅಳಿಯ ಒಳಗೆ ಬಂದಾಗ ಕಿವಿಯ ತನಕ ಕೆಂಪಾಗಿದ್ದರು. ನನ್ನ ಮುಖ ನೋಡದೆ ಚೀಲಕ್ಕೆ ಬಟ್ಟೆ ತುಂಬತೊಡಗಿದರು.

"ಏನಂದ್ರು?" ಎಂದೆ.

"ನೀರು ಭಾಳ ಕುಡೀಬೇಕಂತ್ರಿ ಮಾವಾರ. ಭಾರ ಎತ್ತಬಾರ್ದಂತ. ಸ್ವಲ್ಪ ಕೆಂಪು ಬಂದ್ರ ಹೆದರಬಾರ್ದಂತ."

"ಅಷ್ಟೊತ್ತು ಮಾತಾಡಿದ್ರಲ್ಲ, ಅಷ್ಟೇ ಏನು?"

"ಅಷ್ಟೇ ರೀ" ಎಂದು ಚೀಲದ ಜಿಪ್ಪು ಎಳೆದರು.

ಮನೆಗೆ ಬಂದೆ. ದಿನದಿನಕ್ಕೆ ಉರಿ ಇಳಿಯಿತು. ನೀರು ತಿಳಿಯಾಗಿಯೇ ಇತ್ತು. ಹೀಗೆ ಎರಡು ವಾರ ಆಗುವ ಹೊತ್ತಿಗೆ ಕಾಲುವೆಗೆ ನೀರು ಬಿಟ್ಟ ಸುದ್ದಿ ಬಂತು. ಅದರ ಹಿಂದೆಯೇ ಪಂಪನಗೌಡ ಬಂದ. ನಮ್ಮ ರೈತರ ಕೂಟಕ್ಕೆ ಅವನೇ ಮುಖಂಡ. ಒಳಗೆ ಬರಲಿಲ್ಲ, ಕಟ್ಟೆಯ ಮೇಲೆ ಕೂತು ಬಾಗಿಲ ಹಿಂದಿನ ಗೂಟದ ಕಡೆ ನೋಡಿದ.

"ದುರಗಪ್ಪ, ಈ ಸಲ ನೀ ಆರಾಮ ಮಾಡು. ಹಿಡಿಕಿ ಯಮನೂರನ ಕೈಯಾಗ ಕೊಡೂಣು. ಹುಡುಗ ಗಟ್ಟಿ ಅದಾನ."

"ನಾ ಏನು ಹಾಸಿಗಿ ಹಿಡದೀನೇನು, ಗೌಡ?"

"ಹಂಗಲ್ಲೋ. ಆಪರೇಷನ್ ಅಂದ್ರ ಆಪರೇಷನ್."

"ಸಣ್ಣ ಆಪರೇಷನ್. ಹೊಟ್ಟಿ ಕೊಯ್ದಿಲ್ಲ" ಎಂದೆ. ಡಾಕ್ಟರ ಮಾತನ್ನೇ ಹೇಳಿದೆ.

ಗೌಡ ಹೋದ ಮೇಲೆ ಹಿಡಿಕೆ ತೆಗೆದುಕೊಂಡೆ. ಹುಲಿಗೆವ್ವ ಅಡ್ಡ ನಿಂತಳು.

"ಭಾರ ಎತ್ತಬ್ಯಾಡ ಅಂದಾರ."

"ಎತ್ತಬ್ಯಾಡ ಅಂದಾರ. ತಿರುವಬ್ಯಾಡ ಅಂದಿಲ್ಲ."

ಬೇಸಿಗೆಯೆಲ್ಲ ಒಣಗಿ ನಿಂತ ತೂಬು, ತಿರುಪಿಗೆ ಹೂಳು ಕಚ್ಚಿತ್ತು. ಪ್ರತಿ ವರ್ಷದಂತೆ ಕಾಲು ಒತ್ತಿ, ಹಲ್ಲು ಕಚ್ಚಿ ತಿರುವಿದೆ. ಬಾಗಿಲು ಎದ್ದಿತು. ಹೊಸ ನೀರು ನುಗ್ಗಿತು, ಕೆಂಪಗೆ, ಮಣ್ಣು ಕಸ ಕಡ್ಡಿ ಹೊತ್ತುಕೊಂಡು. ನಮ್ಮಲ್ಲಿ ಅದಕ್ಕೆ ಯಾರೂ ಗಾಬರಿಯಾಗುವುದಿಲ್ಲ. ಹೊಸ ನೀರು ಕೆಂಪಾಗಿಯೇ ಬರುತ್ತದೆ, ನಾಲ್ಕಾರು ದಿನ ಹರಿದರೆ ತಿಳಿಯಾಗುತ್ತದೆ.

ಸಂಜೆ ಒಂದಕ್ಕೆ ಹೋದಾಗ ನನ್ನ ನೀರೂ ಕೆಂಪಗಿತ್ತು.

ಹೆದರಲಿಲ್ಲ. ಹೆದರಬಾರದು ಎಂದು ಹೇಳಿದ್ದರಲ್ಲ. ಹೊಸ ನೀರು, ಹರಿದರೆ ತಿಳಿಯಾಗುತ್ತದೆ ಎಂದು ಅಂದುಕೊಂಡು ತಂಬಿಗೆಗಟ್ಟಲೆ ನೀರು ಕುಡಿದೆ. ಮಾರನೇ ದಿನ ಬೆಳಿಗ್ಗೆ ಇನ್ನೂ ಕೆಂಪು, ಅದರಲ್ಲಿ ಲೋಳೆಯಂಥ ಕರಿ ತುಣುಕುಗಳು. ಹುಲಿಗೆವ್ವ ಬಚ್ಚಲು ತೊಳೆಯಲು ಹೋದವಳು ನೋಡಿಬಿಟ್ಟಳು. ಸೆರಗಿಗೆ ಕೈ ಒರೆಸುತ್ತಾ ಬಂದು ನನ್ನೆದುರು ನಿಂತಳು.

"ಇದು ಏನು?"

"ಹೊಸ ನೀರು. ತಿಳಿ ಆಗ್ತೈತಿ ಬಿಡು."

"ಹೊಸ ನೀರು ಆಸ್ಪತ್ರ್ಯಾಗ ಬಂದು ಹೋತು. ಎರಡು ವಾರದಿಂದ ತಿಳಿ ಐತಿ. ಇಪ್ಪತ್ತು ವರ್ಷ ಕಾಲವಿ ಕಾದೀರಿ, ನಾ ಕೇಳ್ತೀನಿ, ಹೇಳ್ರಿ. ತಿಳಿಯಾದ ಕಾಲವ್ಯಾಗ ಮತ್ತ ಕೆಂಪು ಬಂದ್ರ ನೀವು ಏನಂತೀರಿ?"

ನಾನು ತಂಬಿಗೆ ಎತ್ತಿ ಇನ್ನಷ್ಟು ನೀರು ಕುಡಿದೆ.

"ಮ್ಯಾಲೆ ಎಲ್ಲೋ ದಂಡಿ ಒಡದೈತಿ ಅಂತೀರಿ. ಸಲಿಕಿ ತಗೊಂಡು ಓಡ್ತೀರಿ. ಈಗ ಯಾಕ ಕುಂತೀರಿ?"

ಅವಳ ಮಾತು ಮುಗಿಯುವುದರೊಳಗೆ ಹೊಟ್ಟೆಯ ಕೆಳಗೆ ಆ ಹಳೆಯ ಕಲ್ಲು ಮತ್ತೆ ಕಟ್ಟತೊಡಗಿತ್ತು. ಹೋಗಿ ಕೂತೆ, ಬರಲಿಲ್ಲ. ಯಲಬುರ್ಗಾದ ಮದುವೆಯ ನೋವು ಪೂರಾ ತಿರುಗಿ ಬಂತು. ಹೆಪ್ಪುಗಟ್ಟಿದ ರಕ್ತ ದಾರಿ ಮುಚ್ಚಿತ್ತು. ಗಂಗಾವತಿಗೆ ಹೋಗುವ ದಾರಿಯಲ್ಲಿ ಆಟೋದವನು ಪ್ರತಿ ಗುಂಡಿಗೂ "ತಪ್ಪಾತು ಕಾಕಾ, ತಪ್ಪಾತು ಕಾಕಾ" ಎನ್ನುತ್ತಿದ್ದ, ರಸ್ತೆ ಅವನೇ ಮಾಡಿದ ಹಾಗೆ. ಅವನಿಗೆ ಈಗಲೂ ನನ್ನ ನಮಸ್ಕಾರ.

ಆಸ್ಪತ್ರೆಯಲ್ಲಿ ದೊಡ್ಡ ಪೈಪ್ ಹಾಕಿ, ದಪ್ಪ ಸಿರಿಂಜಿನಲ್ಲಿ ನೀರು ನುಗ್ಗಿಸಿ, ಎಳೆದು, ಮತ್ತೆ ನುಗ್ಗಿಸಿ, ಹೆಪ್ಪು ತೆಗೆದರು. ಅದು ಆಪರೇಷನ್ನಿಗಿಂತ ಕೆಟ್ಟದ್ದು, ಯಾಕೆಂದರೆ ಸೊಂಟ ಆಗ ನನ್ನದೇ ಆಗಿತ್ತು. ಬೇರೆ ಊರಿಗೆ ಹೋಗಿದ್ದ ಡಾಕ್ಟರ್ ಮಧ್ಯಾಹ್ನ ಬಂದರು. ಅವರ ಮುಖದಲ್ಲಿ ಸಿಟ್ಟಿತ್ತು. ಸಿಟ್ಟು ಬರಬೇಕಾದದ್ದು ನನಗೆ, ಬಂದದ್ದು ಅವರಿಗೆ.

"ಏನಜ್ಜಾ, ಏನು ಮಾಡ್ಕೊಂಡು ಬಂದ್ರಿ? ಎರಡನೇ ವಾರದಲ್ಲಿ ಒಳಗಿನ ಗಾಯದ ಹಕ್ಕಳೆ ಬಿಡುತ್ತೆ, ಆಗ ಮೈ ಬಿಗಿಯೋ ಕೆಲಸ ಏನೂ ಮಾಡಬಾರದು, ತಿಣುಕಬಾರದು, ಮತ್ತೆ ಕೆಂಪು ಬಂದರೆ ತಕ್ಷಣ ಬನ್ನಿ ಅಂತ ಹೇಳಿರಲಿಲ್ಲವಾ?"

"ಯಾರಿಗೆ ಹೇಳಿದ್ರಿ?" ಎಂದೆ.

"ನಿಮ್ಮ ಕಡೆಯವರಿಗೆ."

"ಹಕ್ಕಳಿ ಯಾರ ಮೈಯಾಗ ಇತ್ರಿ ಡಾಕ್ಟರ್?"

ಅವರು ಕೈಯಲ್ಲಿದ್ದ ಕಾಗದ ತಿರುವಿ ನೋಡಿದರು. ನಾನು ಮಲಗಿದಲ್ಲಿಂದಲೇ ಹೇಳಿದೆ. ತೂಬು ತಿರುವಿದವನು ನಾನು. ಕೆಂಪು ನೋಡಿದವನು ನಾನು. ಅದನ್ನು ನೋಡಿ ಓಡಬೇಕೋ ಕೂಡಬೇಕೋ ಎಂದು ತಿಳಿಯಬೇಕಾದವನೂ ನಾನೇ. ಹೆದರಬ್ಯಾಡ ಎಂದು ಹೇಳಿ ಕಳಿಸಿದಿರಿ, ಯಾವಾಗ ಹೆದರಬೇಕು ಎಂದು ಹೇಳಲಿಲ್ಲ. ಆರನೆಯ ತರಗತಿಗೆ ಬಿಟ್ಟವನಿಗೆ ಕಿವಿ ಇರುವುದಿಲ್ಲವೇ? ಪಕ್ಕದ ಹಾಸಿಗೆಯವನು ಎದ್ದು ಕೂತು ಕೇಳುತ್ತಿದ್ದ. ಡಾಕ್ಟರ್ "ಸರಿ, ಸರಿ, ಈಗ ಮಾತಾಡಬೇಡಿ, ಬಿ.ಪಿ. ಏರುತ್ತೆ" ಎಂದು ಹೊರಟರು. ಬಿ.ಪಿ. ಏರಿಯೇ ಇತ್ತು.

ಕುಷ್ಟಗಿಯಿಂದ ಅಳಿಯ ಸಂಜೆಯ ಬಸ್ಸಿಗೆ ಬಂದರು. ನಾನು ಏನೂ ಕೇಳಲಿಲ್ಲ, ಗೋಡೆಯ ಕಡೆ ತಿರುಗಿ ಮಲಗಿದೆ. ಅವರು ನನ್ನ ಕಾಲ ಬಳಿ ನಿಂತೇ ಇದ್ದರು. ಹುಲಿಗೆವ್ವ ಚಾ ತರುತ್ತೇನೆಂದು ಹೊರಗೆ ಹೋದ ಮೇಲೆ ಸಣ್ಣ ದನಿಯಲ್ಲಿ ಹೇಳಿದರು.

"ಮಾವಾರ, ಅವತ್ತು ಡಾಕ್ಟರ್ ಎಲ್ಲಾ ಹೇಳಿದ್ರು. ಅದರಾಗ ಒಂದು ಮಾತಿತ್ತು. ಅದನ್ನ ನಿಮ್ಮ ಮುಂದ ಹೇಳಾಕ ನನಗ ಬಾಯಿ ಬರಲಿಲ್ಲ. ಉಳಿದದ್ದು ಹೇಳಾಕ ಹೋದ್ರ ಅದೂ ಬರ್ತಿತ್ತು. ಅದಕ್ಕ ಎರಡು ಮಾತು ಹೇಳಿ ಬಿಟ್ಟೆ."

"ಎಂಥಾ ಮಾತು?"

ಅವರು ಕಿಟಕಿ ನೋಡಿದರು. ಫ್ಯಾನ್ ನೋಡಿದರು. "ಡಾಕ್ಟರನ್ನ ಕೇಳ್ರಿ ಮಾವಾರ. ನಿಮ್ಮ ಕಾಲಿಗೆ ಬೀಳ್ತೀನಿ, ನನ್ನ ಕೇಳಬ್ಯಾಡ್ರಿ" ಎಂದರು.

ಅದು ಗಂಡ ಹೆಂಡತಿಯ ನಡುವಿನ ಮಾತು ಎಂದು ಆಗ ನನಗೆ ತಿಳಿಯಿತು. ಮರುದಿನ ಡಾಕ್ಟರನ್ನು ಕೇಳಿಯೂ ಬಿಟ್ಟೆ. ಈ ಆಪರೇಷನ್ ಆದ ಮೇಲೆ ಗಂಡ ಹೆಂಡತಿ ಕೂಡಿದರೆ ಬೀಜದ ನೀರು ಹೊರಗೆ ಬರುವುದಿಲ್ಲ, ಒಳಗೇ ಹಿಂದಕ್ಕೆ ಹೋಗಿ ಮೂತ್ರದಲ್ಲಿ ಬೆರೆಯುತ್ತದೆ. ಬಹಳ ಜನಕ್ಕೆ ಹೀಗಾಗುತ್ತದೆ, ಇದರಿಂದ ಅಪಾಯ ಇಲ್ಲ, ಗಂಡಸುತನಕ್ಕೆ ಸಾಮಾನ್ಯವಾಗಿ ಕುಂದೂ ಇಲ್ಲ. ಮಾತು ಇಷ್ಟೇ. ನನಗೇ ಹೇಳಿದ್ದರೆ 'ಹೌದೇನ್ರಿ' ಎಂದು ಸುಮ್ಮನಾಗುತ್ತಿದ್ದೆ. ಅದನ್ನು ತೆಗೆದುಕೊಂಡು ಹೋಗಿ ಅಳಿಯನಿಗೆ ಹೇಳಿದ್ದಾರೆ. ನಮ್ಮ ಸೀಮೆಯಲ್ಲಿ ಮಾವನ ಮುಂದೆ ಬೀಡಿ ಸೇದಲು ಹೆದರುವ ಅಳಿಯ ಈ ಮಾತು ಹೇಳುತ್ತಾನೆಯೇ? ಹೇಳುವುದಿಲ್ಲ. ಅದರ ಜೊತೆ ಹಕ್ಕಳೆಯ ಮಾತನ್ನೂ, ತಿಣುಕುವ ಮಾತನ್ನೂ, ತಕ್ಷಣ ಬನ್ನಿ ಎಂಬ ಮಾತನ್ನೂ ಒಂದೇ ಗಂಟಿನಲ್ಲಿ ಕಟ್ಟಿ ನುಂಗಿಕೊಳ್ಳುತ್ತಾನೆ. ಮಂಜುನಾಥ ಮಾಡಿದ್ದು ಅದನ್ನೇ. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಒಬ್ಬ ಮನುಷ್ಯನ ಸೊಂಟದ ಕೆಳಗಿನ ಸಂಗತಿಯನ್ನು ಅವನ ಮಗಳ ಗಂಡನಿಗೆ ಹೇಳಿ ಕೈ ತೊಳೆದುಕೊಳ್ಳುವ ಪದ್ಧತಿಯ ಮೇಲೆ ಬಂತು. ಆ ಸಿಟ್ಟು ಇನ್ನೂ ಇದೆ.

ಹುಲಿಗೆವ್ವನಿಗೆ ಹೇಳಿದೆ. ಹೇಳಲು ನನಗೆ ಅಳಿಯನಷ್ಟೇ ಕಷ್ಟವಾಯಿತು. ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು.

"ಈ ವಯಸ್ಸಿನಾಗ ಇನ್ನ ತೊಟ್ಟಿಲಾ ಕಟ್ಟೋದಿತ್ತೇನು ನಿಮಗ?"

"ಮಾತು ಅದಲ್ಲ."

"ಗೊತ್ತೈತಿ ಮಾತು ಏನಂತ" ಎಂದು ನಗು ನಿಲ್ಲಿಸಿ ನನ್ನ ಕೈ ಹಿಡಿದಳು. ಹಾಸಿಗೆಗಳ ನಡುವೆ, ಎಲ್ಲರೂ ನೋಡುತ್ತಿದ್ದಾಗ, ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ.

ಎರಡನೆಯ ಸಲ ಪೈಪ್ ತೆಗೆದ ಮೇಲೆ ಬೇರೆ ಕಥೆ ಶುರುವಾಯಿತು. ಮೊದಲು ಬರದೆ ಕಾಡಿದ್ದು ಈಗ ನಿಲ್ಲದೆ ಕಾಡಿತು. ಕೆಮ್ಮಿದರೆ, ಎದ್ದರೆ, ನಕ್ಕರೆ ಹನಿ. ಇದೂ ಕೆಲವರಿಗೆ ಆಗುತ್ತದೆ, ಬಹಳಷ್ಟು ಮಂದಿಗೆ ಕ್ರಮೇಣ ಕಡಿಮೆಯಾಗುತ್ತದೆ ಎಂದು ಈ ಸಲ ಡಾಕ್ಟರ್ ನನ್ನ ಮುಖ ನೋಡಿಯೇ ಹೇಳಿದರು. ಬೈದದ್ದಕ್ಕೆ ಅಷ್ಟಾದರೂ ಫಲ ಬಂತು. ನರ್ಸ್ ಒಂದು ಅಭ್ಯಾಸ ಹೇಳಿಕೊಟ್ಟಳು. "ನಾಕ ಮಂದಿ ನಡಕ ಕುಂತಾಗ ಗಾಳಿ ಬರಾಕತ್ತಿದ್ರ ಹೆಂಗ ತಡ್ಕೊಂತೀರಿ ಕಾಕಾ? ಹಂಗ ಬಿಗಿ ಹಿಡದು ಬಿಡ್ರಿ, ಹಿಡದು ಬಿಡ್ರಿ. ಕುಂತಾಗ, ನಿಂತಾಗ, ಯಾರಿಗೂ ಗೊತ್ತಾಗಂಗಿಲ್ಲ." ಹಳೆ ಧೋತರ ಹರಿದು ಮಡಿಸಿ ಒಳಗೆ ಇಟ್ಟುಕೊಂಡೆ. ಹುಲಿಗೆವ್ವ ಒಗೆದು ಹಿತ್ತಲಲ್ಲಿ ತನ್ನ ಸೀರೆಯ ಮರೆಯಲ್ಲಿ ಒಣಹಾಕುತ್ತಿದ್ದಳು.

ಊರಿಗೆ ಬಂದರೆ ಹಿಡಿಕೆ ಗೂಟದಲ್ಲಿಲ್ಲ.

"ಕಾಳಿನ ಡ್ರಮ್ಮಿನಾಗ ಐತಿ" ಎಂದಳು ಹುಲಿಗೆವ್ವ. "ಆಸ್ಪತ್ರಿಗೆ ಬುತ್ತಿ ಒಯ್ಯಾಕ ನಾ ಊರಿಗೆ ಬಂದಾಗ ಗೌಡ ಮನುಷ್ಯಾನ್ನ ಕಳಿಸಿದ್ದ. ನಮ್ಮ ಮನಿಯವರು ಬರಲಿ, ಅವರ ಕೈಲೇ ಇಸ್ಕೋರಿ ಅಂದೆ. ಜ್ವಾಳದಾಗ ಹುಗದಿಟ್ಟೆ."

ಗೌಡ ಕಾಯಲಿಲ್ಲ. ಕಾರಟಗಿಯ ಕಮ್ಮಾರನಲ್ಲಿ ಹೊಸ ಹಿಡಿಕೆ ಮಾಡಿಸಿ ಯಮನೂರನಿಗೆ ಕೊಟ್ಟಿದ್ದ. ನನ್ನನ್ನು ಒಂದು ಮಾತು ಕೇಳಲಿಲ್ಲ. ಆಸ್ಪತ್ರೆಯವರೇ ವಾಸಿ, ಅವರು ಕಡೆಯವರನ್ನಾದರೂ ಕೇಳಿದ್ದರು. ಚಾದಂಗಡಿಯ ಮುಂದೆ ಹೋಗುತ್ತಿದ್ದಾಗ ಅವನ ದನಿ ಕೇಳಿಸಿತು. ಕೇಳಿಸಲಿ ಎಂದೇ ಹೇಳಿದ್ದು.

"ತನ್ನ ನೀರು ತಡಿಯಾಕ ಬರವಲ್ದು ಅವಗ. ಕಾಲವಿ ನೀರು ಏನ್ ತಡೀತಾನ?"

ಅಂಗಡಿಯೆಲ್ಲ ನಕ್ಕಿತು. ನಾನು ನಿಲ್ಲದೆ ಮುಂದೆ ಹೋದೆ. ಎರಡು ತಿಂಗಳು ಆ ಅಂಗಡಿಗೆ ಹೋಗಲಿಲ್ಲ. ಪತ್ರಿಕೆ ಓದಲಿಲ್ಲ. ಕಾಲುವೆಯ ದಂಡೆಯ ಮೇಲೆ ಒಬ್ಬನೇ ಕೂತು ನರ್ಸ್ ಹೇಳಿದ ಹಾಗೆ ಹಿಡಿದು ಬಿಟ್ಟು ಮಾಡುತ್ತಿದ್ದೆ, ಯಮನೂರ ತೂಬು ತಿರುವುವುದನ್ನು ನೋಡುತ್ತಾ. ಒಂದು ದಿನ ಅವನೇ ಹತ್ತಿರ ಬಂದು, "ಕಾಕಾ, ನಾ ಕೇಳಿ ಇಸ್ಕೊಂಡಿಲ್ಲ ಇದನ್ನ" ಎಂದ. ಗೊತ್ತಿತ್ತು ನನಗೆ.

ಮಳೆಗಾಲದ ಭತ್ತ ಕೊಯ್ದಾದ ಮೇಲೆ ಎರಡನೇ ಬೆಳೆಯ ಪಾಳಿ ಮಾತಾಡಲು ಸೊಸೈಟಿ ಕಟ್ಟೆಯ ಮೇಲೆ ರೈತರ ಸಭೆ ಸೇರಿತು. ಅಷ್ಟರಲ್ಲಿ ನನ್ನ ಹನಿ ಬಹಳ ಕಡಿಮೆಯಾಗಿತ್ತು, ತಿರುವಬಹುದು ಎಂದು ಡಾಕ್ಟರೂ ಹೇಳಿದ್ದರು. ಜೋಳದ ಡ್ರಮ್ಮಿನಿಂದ ಹಿಡಿಕೆ ತೆಗೆದು, ಒರೆಸಿ, ಹೆಗಲ ಮೇಲಿಟ್ಟುಕೊಂಡು ಹೋದೆ.

"ಒಂದು ತೂಬಿಗೆ ಎರಡು ಹಿಡಿಕಿ ಬ್ಯಾಡ" ಎಂದ ಪಂಪನಗೌಡ.

"ಬ್ಯಾಡ. ಅದನ್ನ ಹೇಳಾಕ ಬಂದೀನಿ" ಎಂದೆ. ಆಮೇಲೆ ಅಲ್ಲಿದ್ದ ಎಲ್ಲರೆದುರು, ಮರೆಮಾಚದೆ, ಮೊದಲಿನಿಂದ ಹೇಳಿದೆ. ಕಟ್ಟಿದ್ದು, ಕೊರೆದದ್ದು, ತಿಳಿಯಾದದ್ದು, ನಾನು ತೂಬು ತಿರುವಿದ್ದು, ಮತ್ತೆ ಕೆಂಪಾದದ್ದು, ಹೆಂಡತಿ ದಂಡೆ ಒಡೆದಿದೆ ಎಂದದ್ದು, ಹನಿ ಬಿದ್ದದ್ದು, ಧೋತರ ಹರಿದು ಇಟ್ಟುಕೊಂಡದ್ದು. "ಚಾದಂಗಡ್ಯಾಗ ನಗಬೇಕಾದವರು ಇಲ್ಲೇ ನಕ್ಕುಬಿಡ್ರಿ. ನಗೋದು ಮುಗಿದ ಮ್ಯಾಲೆ ಹೇಳ್ರಿ, ಇಪ್ಪತ್ತು ವರ್ಷದಾಗ ಯಾರ ಗದ್ದಿ ನನ್ನಿಂದ ಒಣಗೈತಿ?"

ಯಾರೂ ನಗಲಿಲ್ಲ. ಕೆಳಗಿನ ಗದ್ದೆಯ ಒಬ್ಬ ಮುದುಕ, "ಹಗಲು ದುರಗಪ್ಪ ಇರಲಿ, ರಾತ್ರಿ ಯಮನೂರ ಇರಲಿ. ಇಬ್ಬರೂ ನಮ್ಮವರ" ಎಂದ. ಹಾಗೇ ಆಯಿತು. ಪೂರಾ ಬೇಕೆಂದು ಹೋದವನು ಅರ್ಧ ತೆಗೆದುಕೊಂಡು ಬಂದೆ. ಸಿಟ್ಟು ಅರ್ಧವೂ ಇಳಿದಿರಲಿಲ್ಲ.

ಮಾರನೇ ದಿನ ತೂಬಿನ ಹತ್ತಿರ ಒಬ್ಬ ಬಂದ. ಅತ್ತ ಇತ್ತ ನೋಡಿ, "ದುರಗಪ್ಪ, ಕಟ್ಟೋಕಿಂತ ಮೊದಲು ನಿನಗ ಹೆಂಗ ಆಗ್ತಿತ್ತು?" ಎಂದು ಕೇಳಿದ. ವಾರದೊಳಗೆ ಇನ್ನೊಬ್ಬ ಬಂದ. ಅವನು ತನ್ನ ಮಾವನಿಗೆ ಎಂದ, ಅವನ ಮಾವ ತೀರಿಕೊಂಡು ಎಷ್ಟೋ ವರ್ಷವಾಗಿದೆ. ಕೊನೆಗೆ ಒಂದು ಮಧ್ಯಾಹ್ನ ಪಂಪನಗೌಡನ ಬೈಕು ದಂಡೆಯ ಮೇಲೆ ನಿಂತಿತು. ಇಳಿದು ಬಂದು ನನ್ನ ಪಕ್ಕ ಕೂತ. ನೀರಿಗೆ ಒಂದು ಹರಳು ಒಗೆದ. ಇನ್ನೊಂದು ಒಗೆದು ಕೇಳಿದ.

"ಆ ಪೈಪ್ ಹಾಕ್ತಾರಲ್ಲ, ಭಾಳ ನೋಯ್ತೈತೇನು?"

ಚಾದಂಗಡಿಯಲ್ಲಿ ಅವನು ಹೇಳಿದ್ದ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಲಿಲ್ಲ. "ಉರೀತೈತಿ. ಬಾಯಿ ತೆಗದು ಉಸುರು ಬಿಡು, ಬಿಗಿ ಹಿಡೀಬ್ಯಾಡ" ಎಂದೆ. ಆಮೇಲೆ ಇನ್ನೊಂದು ಹೇಳಿದೆ. "ಅಳಿಯನ್ನ ಕರ್ಕೊಂಡು ಹೋಗಬ್ಯಾಡ. ಹೋದ್ರೂ ಹೊರಗ ಕುಂಡ್ರಸು. ಕೇಳೋದು ನೀನ ಕೇಳು. ಯಾವಾಗ ಹೆದರಬೇಕು ಅಂತ ಕೇಳು."

ಕಳೆದ ತಿಂಗಳು ತೋರಿಸಲು ಒಬ್ಬನೇ ಹೋಗಿದ್ದೆ. ಅದೇ ಸಾಲು, ಅವೇ ಕೈಚೀಲಗಳು, ಬೇರೆ ಗಂಡಸರು. ಹೊಸ ನರ್ಸ್ ಬಂದು ನನ್ನ ಹೆಸರು ಕೂಗಿ, ನನ್ನನ್ನು ದಾಟಿ ನೋಡಿ, "ಪೇಷಂಟ್ ಕಡೆಯವರು ಯಾರ್ರೀ?" ಎಂದಳು.

"ಪೇಷಂಟೂ ನಾನ, ಕಡೆಯವನೂ ನಾನ. ಏನೈತಿ ನನಗ ಹೇಳವಾ" ಎಂದೆ. ಸಾಲಿನಲ್ಲಿದ್ದವರು ತಲೆ ಎತ್ತಿ ನೋಡಿದರು.

ಈಗ ನನ್ನ ಬಳಿ ಇರುವುದು ಇಷ್ಟು. ಹಿಡಿಕೆ ಒಂದು, ಮತ್ತೆ ಗೂಟದಲ್ಲಿ. ಪಾಳಿ ಅರ್ಧ. ಜೋರಾಗಿ ಕೆಮ್ಮಿದಾಗ ಒಂದೆರಡು ಹನಿ. ಹರಿದು ಮಡಿಸಿದ ಧೋತರದ ತುಂಡು ನಾಲ್ಕು, ಅವು ಈಗ ಹೆಂಡತಿಯ ಸೀರೆಯ ಮರೆಯಲ್ಲಲ್ಲ, ಹಗ್ಗದ ಮುಂದಿನ ಸಾಲಿನಲ್ಲಿ ಒಣಗುತ್ತವೆ. ಹೆಂಡತಿ ಒಬ್ಬಳು. ಎದುರು ಕೂತು ಮಾತಾಡಲು ಇನ್ನೂ ನಾಚುವ ಅಳಿಯ ಒಬ್ಬರು. ನೀರು, ತಿಳಿ.